ಆಲ್ಬಮ್ ಹಾಡಿನ ಎಡಿಟಿಂಗ್: ಶಾಟುಗಳು ಚಂದ ಇವೆ, ಭಾವ ಬರುತ್ತಿಲ್ಲ. ಮಾಡಿ ನೋಡಿದವರು ಹೇಳಿ

ಪ್ರಶ್ನೆ, ಮುಳ್ಳೇರಿಯದಿಂದ:

ಅಣ್ಣಂದಿರೇ, ಅಕ್ಕಂದಿರೇ, ನಾವು ಗೆಳೆಯರು ಸೇರಿ ಒಂದು ಆಲ್ಬಮ್ ಹಾಡು ಮಾಡುತ್ತಿದ್ದೇವೆ. ಮಗ ಗಲ್ಫಿನಲ್ಲಿದ್ದಾನೆ, ತಾಯಿ ಊರಲ್ಲಿ ಕಾಯುತ್ತಿದ್ದಾರೆ. 4 ನಿಮಿಷದ ಹಾಡು, 80 ಬಿಪಿಎಂ. ಮನೆ, ಅಡಿಕೆ ತೋಟ, ಬೇಕಲ ಕೋಟೆ ಎಲ್ಲ ಶೂಟ್ ಆಗಿದೆ. ಬೀಟಿಗೆ ಸರಿಯಾಗಿ ಕಟ್ ಹಾಕಿದ್ದೇವೆ. ಆದರೂ ನೋಡಿದರೆ ಮನಸ್ಸಿಗೆ ಏನೂ ಆಗುವುದಿಲ್ಲ, ಕಥೆಯೂ ಗೊತ್ತಾಗುವುದಿಲ್ಲ. ಏನು ಮಾಡಬಹುದು?

ಬದಿಯಡ್ಕದಿಂದ:

ನಾನು ಮದುವೆ ವಿಡಿಯೋ, ಆಲ್ಬಮ್ ಹಾಡು ಎರಡನ್ನೂ ಎಡಿಟ್ ಮಾಡುವವನು. ಮೊದಲು ಲೆಕ್ಕ ನೋಡಿ. ನಿಮಿಷಕ್ಕೆ 80 ಬೀಟ್ ಅಂದರೆ ನಿಮ್ಮ ಹಾಡಲ್ಲಿ 320 ಬೀಟ್. ಎಲ್ಲದಕ್ಕೂ ಕಟ್ ಬಿದ್ದರೆ ಒಂದು ಶಾಟಿಗೆ ಸಿಗುವುದು ಮುಕ್ಕಾಲು ಸೆಕೆಂಡ್. ಸೆಕೆಂಡಿಗೆ 24 ಫ್ರೇಮಿನ ಟೈಮ್‌ಲೈನಿನಲ್ಲಿ ಬರೀ 18 ಫ್ರೇಮ್. ಕುಣಿಯುವ ಹಾಡಿಗೆ ಅದು ಹೊಂದುತ್ತದೆ. ಇದು ಕಾಯುವ ಹಾಡು, ಅಲ್ವಾ? ಪಲ್ಲವಿಯಲ್ಲಿ 8 ಬೀಟ್, ಅಂದರೆ 6 ಸೆಕೆಂಡ್ ಒಂದೇ ಶಾಟ್ ಇಟ್ಟು ನೋಡಿ. ಕತ್ತರಿಸಲು ಕೈ ತುರಿಸುತ್ತದೆ. ತಡೆದುಕೊಳ್ಳಿ.

ಒಂದು ಉದಾಹರಣೆ ಹೇಳುತ್ತೇನೆ. ತಾಯಿ ಅಂಗಳದಲ್ಲಿ ಅಡಿಕೆ ಹರಡುತ್ತಿದ್ದಾರೆ. ಒಳಗೆ ಫೋನ್ ರಿಂಗ್ ಆಗುತ್ತದೆ. ಹೆಚ್ಚಿನವರು ಅಲ್ಲಿಂದ ಸೀದಾ ಫೋನಿಗೆ ಕಟ್ ಮಾಡುತ್ತಾರೆ. ನಾನಾದರೆ ಅಡಿಕೆ ಮೇಲೆ ಆಡುತ್ತಿದ್ದ ಕೈ ನಿಲ್ಲಬೇಕು, ಅವರು ಬಾಗಿಲ ಕಡೆ ತಿರುಗಬೇಕು, ಅಲ್ಲಿವರೆಗೆ ಬಿಡುತ್ತೇನೆ. ಆಮೇಲೆ ಫೋನ್. ಸದ್ದು ಮಾತ್ರ ಚಿತ್ರಕ್ಕಿಂತ ಮೊದಲೇ ಬಂದಿರುತ್ತದೆ. ಇದನ್ನೇ ಜೆ ಕಟ್ ಅನ್ನುವುದು. ಚರಣಗಳ ನಡುವಿನ ಸಂಗೀತದಲ್ಲಿ ಇದಕ್ಕೆ ಒಳ್ಳೆ ಜಾಗ ಸಿಗುತ್ತದೆ. ಅಲ್ಲಿ ಹಾಡಿನ ವಾಲ್ಯೂಮ್ ಸ್ವಲ್ಪ ತಗ್ಗಿಸಿ.

ಇನ್ನೊಂದು, ನನಗೆ ತುಂಬ ಮುಖ್ಯ ಅನ್ನಿಸುವ ವಿಷಯ. 1920ರ ಆಸುಪಾಸಿನಲ್ಲಿ ರಷ್ಯಾದ ಸಿನಿಮಾ ನಿರ್ದೇಶಕ ಕುಲೆಶೋವ್ ಒಬ್ಬ ನಟನ ಒಂದೇ ಮುಖದ ಶಾಟನ್ನು ಬೇರೆ ಬೇರೆ ಶಾಟುಗಳ ಜೊತೆ ಜೋಡಿಸಿ ತೋರಿಸಿದರು. ಸೂಪಿನ ಬಟ್ಟಲಿನ ಜೊತೆ ಇಟ್ಟಾಗ ಮುಖದಲ್ಲಿ ಹಸಿವು ಕಂಡಿತು. ಶವಪೆಟ್ಟಿಗೆಯ ಜೊತೆ ಇಟ್ಟಾಗ ದುಃಖ ಕಂಡಿತು. ಮುಖ ಅದೇ! ನಿಮ್ಮ ತಾಯಿ ಪಾತ್ರದ ಮುಖ ಆದ ಮೇಲೆ ತೋಟದ ಡ್ರೋನ್ ಶಾಟ್ ಇಟ್ಟರೆ ಜನ ತೋಟ ನೋಡುತ್ತಾರೆ, ಅಷ್ಟೇ. ಕಪಾಟಿನಲ್ಲಿ ಮಡಚಿಟ್ಟ ಮಗನ ಅಂಗಿ ಇಟ್ಟು ನೋಡಿ. ನಟನೆ ಸಾಲದು ಅಂತ ರೀಶೂಟಿಗೆ ಹೊರಡುವ ಮೊದಲು ಪಕ್ಕದ ಶಾಟ್ ಬದಲಿಸಿ.

ಬೇಕಲ ಕೋಟೆ ಈ ಕಥೆಯಲ್ಲಿ ಯಾಕಿದೆ? ಮಗ ಹೊರಡುವ ಮೊದಲು ಇಬ್ಬರೂ ಅಲ್ಲಿಗೆ ಹೋಗಿದ್ದರು ಅಂತಾದರೆ ಕಡಲು ಕಾಣುವ ಒಂದು ಶಾಟ್ ಸಾಕು. ಕಡಲಾಚೆ ಗಲ್ಫ್ ಇದೆ ಅಂತ ನಮ್ಮ ಊರಿನವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಕಥೆಗೆ ಸಂಬಂಧ ಇಲ್ಲದಿದ್ದರೆ ಎಷ್ಟು ಚಂದ ಇದ್ದರೂ ತೆಗೆಯಿರಿ.

ಎಲ್ಲ ಆದ ಮೇಲೆ ಹಾಡು ಮ್ಯೂಟ್ ಮಾಡಿ, ಕಥೆ ಗೊತ್ತಿಲ್ಲದ ಒಬ್ಬರಿಗೆ ತೋರಿಸಿ. ಈ ಅಮ್ಮ ಯಾರನ್ನು ಕಾಯುತ್ತಿದ್ದಾರೆ ಅಂತ ಅವರಿಗೆ ಹೊಳೆಯಬೇಕು.

ಕುಂಬಳೆಯಿಂದ:

ಅಣ್ಣ ಹೇಳಿದ್ದು ಸರಿ. ಹಾಗಂತ ಬೀಟನ್ನು ಪೂರ್ತಿ ಬಿಡಬೇಡಿ ತಮ್ಮಾ. ನಾನು ಯಕ್ಷಗಾನದ ವಿಡಿಯೋ ಎಡಿಟ್ ಮಾಡುತ್ತೇನೆ. ಧೀಂಗಿಣ, ಅಂದರೆ ಹಾರಿ ಸುತ್ತು ತಿರುಗುವ ಕುಣಿತ, ಅದರ ಮಧ್ಯೆ ಕಟ್ ಮಾಡಿದರೆ ಸುತ್ತಿನ ರಭಸವೇ ಹೋಗುತ್ತದೆ. ಕಾಲು ನೆಲಕ್ಕೆ ಬಿದ್ದು ಚೆಂಡೆಯ ಪೆಟ್ಟು ಕೇಳಿದ ಕಡೆ ಕಟ್ ಮಾಡಿದರೆ ಕಟ್ ಆದದ್ದೇ ಗೊತ್ತಾಗುವುದಿಲ್ಲ. ಹಾಡಿನಲ್ಲೂ ಬೀಟ್ ಮತ್ತು ಚಲನೆ ಎರಡೂ ಕೂಡುವ ಜಾಗ ಹುಡುಕಿ. ತಾಯಿ ಮನೆ ಬಾಗಿಲು ಎಳೆದುಕೊಳ್ಳುವ ಕೈ ಒಂದು ಶಾಟ್. ಅದೇ ದಿಕ್ಕಿನಲ್ಲಿ, ಅದೇ ವೇಗದಲ್ಲಿ ಮಗ ಕಾರಿನ ಬಾಗಿಲು ಎಳೆದುಕೊಳ್ಳುವ ಕೈ ಇನ್ನೊಂದು. ಹೊರಟು ಹೋದದ್ದನ್ನು ಹೇಳಲು ಅಷ್ಟು ಸಾಕು.

ಡಿಸಾಲ್ವ್, ಅಂದರೆ ಒಂದು ಶಾಟ್ ಕರಗಿ ಇನ್ನೊಂದು ಮೂಡುವುದು, ಜಾಸ್ತಿ ಬೇಡ. ಕಾಲ ಕಳೆದದ್ದನ್ನು ತೋರಿಸಲು ಮಾತ್ರ ಇಡಿ: ಅದೇ ಜಗಲಿ, ಅದೇ ಕೋನ, ಬಿಸಿಲಿನಿಂದ ಮಳೆಗೆ.

ನೆನಪು ಅಂದ ತಕ್ಷಣ ಸುಮ್ನೆ ಕಂದು ಬಣ್ಣ ಹಾಕುವುದು ನನಗೆ ಹಿಡಿಸುವುದಿಲ್ಲ. ಮಗ ಇದ್ದ ದಿನಗಳಿಗೆ ತೋಟದ ಹಸಿರು, ಕೆಂಪುಕಲ್ಲಿನ ಗೋಡೆಯ ಬಣ್ಣ ಇದ್ದ ಹಾಗೇ ಇರಲಿ. ಹೋದ ನಂತರದ ಶಾಟುಗಳಲ್ಲಿ ಹಸಿರಿನ ಸ್ಯಾಚುರೇಷನ್ (ಬಣ್ಣದ ಗಾಢತೆ) ಮಾತ್ರ ಇಳಿಸಿ. ಮುಖದ ಬಣ್ಣ ಮುಟ್ಟಬೇಡಿ.

ಮುಳ್ಳೇರಿಯದಿಂದ:

ತುಂಬ ಉಪಕಾರ ಆಯ್ತು. ಅಂಗಿಯ ಶಾಟ್ ಇಲ್ಲ, ತೆಗೆಯುತ್ತೇವೆ. ಮಗ ಹಾಡುವ ಕಡೆ ಸ್ಲೋ ಮೋಷನ್ ಹಾಕಿದರೆ ತುಟಿ ಹೊಂದುವುದಿಲ್ಲ. ಬೇರೆ ಶಾಟಿನಲ್ಲೂ ತುಟಿ ಸ್ವಲ್ಪ ಸ್ವಲ್ಪವೇ ಹಿಂದೆ ಬೀಳುತ್ತದೆ. ಯಾಕೆ?

ಮಂಜೇಶ್ವರದಿಂದ:

ಫೋನಿನಲ್ಲಿ ತೆಗೆದಿದ್ದೀರಾ? ಫೋನಿನ ವಿಡಿಯೋದಲ್ಲಿ ಫ್ರೇಮ್ ರೇಟ್, ಅಂದರೆ ಸೆಕೆಂಡಿಗೆ ಬರುವ ಫ್ರೇಮುಗಳ ಸಂಖ್ಯೆ, ಹೆಚ್ಚಾಗಿ ಒಂದೇ ಸಮ ಇರುವುದಿಲ್ಲ. ಅದಕ್ಕೇ ತುಟಿ ಜಾರುವುದು. ಹ್ಯಾಂಡ್‌ಬ್ರೇಕ್ ಅನ್ನುವ ಉಚಿತ ಸಾಫ್ಟ್‌ವೇರಿನಲ್ಲಿ ಕಾನ್‌ಸ್ಟಂಟ್ ಫ್ರೇಮ್ ರೇಟಿಗೆ ಬದಲಿಸಿ, ಆಮೇಲೆ ಟೈಮ್‌ಲೈನಿಗೆ ಹಾಕಿ.

ಸ್ಲೋ ಮೋಷನ್ ಶಾಟನ್ನು ಮತ್ತೆ ತೆಗೆಯಬೇಕಾಗುತ್ತದೆ. ಸ್ಪೀಕರಿನಲ್ಲಿ ಹಾಡನ್ನು ದುಪ್ಪಟ್ಟು ವೇಗದಲ್ಲಿ ಹಾಕಿ, ಹುಡುಗ ಅದೇ ವೇಗಕ್ಕೆ ಹಾಡಲಿ. 48 ಫ್ರೇಮಿನಲ್ಲಿ ಶೂಟ್ ಮಾಡಿ 24ಕ್ಕೆ ಇಳಿಸಿದರೆ ನಡಿಗೆ, ಕೂದಲು ಎಲ್ಲ ನಿಧಾನ ಆಗುತ್ತವೆ, ತುಟಿ ಮಾತ್ರ ಹಾಡಿಗೆ ಸರಿ ಕೂರುತ್ತದೆ. ಅಂಗಿಯ ಶಾಟ್ ತೆಗೆಯುವ ದಿನವೇ ಇದನ್ನೂ ಮುಗಿಸಿಬಿಡಿ. ದುಪ್ಪಟ್ಟು ವೇಗದ ಹಾಡಿನ ಫೈಲನ್ನು ಮನೆಯಲ್ಲೇ ಮಾಡಿಟ್ಟುಕೊಂಡು ಹೋಗಿ, ಹುಡುಗನಿಗೂ ಒಂದು ದಿನ ಮೊದಲೇ ಕಳಿಸಿ. ಆ ವೇಗಕ್ಕೆ ಹಾಡಲು ಸ್ವಲ್ಪ ಅಭ್ಯಾಸ ಬೇಕು.