ಎಸ್ಟೋನಿಯಾದ ಕಿಹ್ನು ದ್ವೀಪ: ಅವ್ವನನ್ನು ಕರ್ಕೊಂಡು ಹೋಗಬಹುದಾ?

ಇಳಕಲ್ಲಿನವಳು

ನಮಸ್ಕಾರ. ನಾನು ಹೆಲ್ಸಿಂಕಿಯಲ್ಲಿ ಕೆಲಸದಲ್ಲಿದ್ದೇನೆ. ಜೂನ್‌ನಲ್ಲಿ ಅವ್ವ ಬರುತ್ತಿದ್ದಾಳೆ. ನೇಕಾರರ ಮನೆಯಲ್ಲಿ ಬೆಳೆದವಳು. ಅರಮನೆ, ಮಾಲ್ ಏನೂ ಬೇಡ, ಅಲ್ಲಿಯ ಹೆಣ್ಮಕ್ಕಳು ನೇಯೋದನ್ನ ತೋರಿಸು ಅಂತಾಳೆ. ಕಿಹ್ನುವಿನಲ್ಲಿ ಹೆಂಗಸರು ತಾವೇ ನೇಯ್ದ ಪಟ್ಟೆ ಲಂಗವನ್ನು ಈಗಲೂ ಉಡುತ್ತಾರೆ ಅಂತ ಓದಿದೆ. ನಿಜವಾ, ಇಲ್ಲ ಪ್ರವಾಸಿಗರು ಬಂದಾಗ ಮಾತ್ರವಾ? ಒಂದೇ ದಿನದಲ್ಲಿ ಹೋಗಿ ಬರಬಹುದಾ? ಅವ್ವನಿಗೆ ಮಂಡಿನೋವಿದೆ. ಮೀನು, ಮಾಂಸ ತಿನ್ನಲ್ಲ.

ಪ್ಯಾರ್ನು ಕನ್ನಡಿಗ

ಖಂಡಿತ ಕರ್ಕೊಂಡು ಹೋಗಿ. ಲಂಗದ ಮಾತು ನಿಜ. ಚಿಕ್ಕ ವಯಸ್ಸಿನವರು ಜೀನ್ಸ್ ಹಾಕೋದೂ ಇದೆ, ಆದರೆ ವಯಸ್ಸಾದವರು ಆಲೂಗಡ್ಡೆ ಹೊಲಕ್ಕೂ ಅದನ್ನೇ ಉಟ್ಟು ಹೋಗುತ್ತಾರೆ. ಬಂದರಿನಲ್ಲಿ ಒಬ್ಬ ಅಜ್ಜಿ ಸೈಡ್‌ಕಾರ್ ಇರುವ ಸೋವಿಯತ್ ಕಾಲದ ಮೋಟಾರ್‌ಸೈಕಲ್‌ನಲ್ಲಿ ಬಂದರು. ಹಡಗಿನಿಂದ ಇಳಿದ ಹಿಟ್ಟಿನ ಚೀಲ, ಬಣ್ಣದ ಡಬ್ಬಿ ಎಲ್ಲ ಅದರಲ್ಲಿ ತುಂಬಿದರು. ಲಂಗದ ಅಂಚನ್ನು ತೊಡೆ ಕೆಳಗೆ ಸಿಕ್ಕಿಸಿಕೊಂಡು ಹೊರಟೇಬಿಟ್ಟರು.

ಅವ್ವನಿಗೆ ಬಣ್ಣ ಗಮನಿಸೋಕೆ ಹೇಳಿ. ಉಣ್ಣೆ ಬಟ್ಟೆ, ಮೇಲಿಂದ ಕೆಳಗೆ ಸಣ್ಣ ಸಣ್ಣ ಪಟ್ಟೆ. ಹುಡುಗಿಯರದ್ದರಲ್ಲಿ ಕೆಂಪು ಜಾಸ್ತಿ. ಮನೆಯಲ್ಲಿ ಸಾವಾದರೆ ಕಪ್ಪು, ಕಡುನೀಲಿ. ದುಃಖ ಕಳೆಯುತ್ತಾ ಬಂದಂತೆ ಕೆಂಪು ಮತ್ತೆ ಸೇರಿಕೊಳ್ಳುತ್ತದೆ. ಮದುವೆಯಾದವರು ಮೇಲೆ ಏಪ್ರನ್ ಕಟ್ಟುತ್ತಾರೆ. ಎದುರಿಗೆ ಬಂದವರ ಮನೆಯಲ್ಲಿ ಏನಾಗಿದೆ ಅಂತ ಊರವರಿಗೆ ಲಂಗ ನೋಡಿದರೇ ಗೊತ್ತಾಗುತ್ತದೆ.

ಕಿಹ್ನುವಿನ ಸಂಸ್ಕೃತಿಯನ್ನು ಯುನೆಸ್ಕೋ 2003ರಲ್ಲಿ ಗುರುತಿಸಿತು, 2008ರಲ್ಲಿ ತನ್ನ ಪಟ್ಟಿಗೆ ಸೇರಿಸಿತು. ‘ಹೆಂಗಸರೇ ಆಳುವ ದ್ವೀಪ’ ಅಂತ ಬರೆಯೋರು ಬಹಳ ಜನ. ನನಗೆ ಆ ಮಾತು ಹಿಡಿಸಲ್ಲ. ಗಂಡಸರು ಮೀನಿಗೆ, ಸೀಲ್ ಬೇಟೆಗೆ ಅಂತ ವಾರಗಟ್ಟಲೆ ಸಮುದ್ರದ ಮೇಲಿರುತ್ತಿದ್ದರು. ಹೊಲ, ದನ, ಮಕ್ಕಳು, ಮಗ್ಗ ಎಲ್ಲ ಇವರ ತಲೆ ಮೇಲೆ ಬಿತ್ತು. ಅಷ್ಟು ದುಡಿದವರನ್ನು ರಾಣಿಯರು ಅಂತ ಕರೆದು ಕೈತೊಳೆದುಕೊಂಡರೆ ಹೇಗೆ?

ಒಂದು ರಾತ್ರಿಯಾದರೂ ಉಳಿಯಿರಿ. ದ್ವೀಪ ಏಳು ಕಿಲೋಮೀಟರ್ ಉದ್ದ, ಅಗಲ ಅದರರ್ಧ, ಪೂರ್ತಿ ಸಮತಟ್ಟು. ಪೈನ್ ಕಾಡು, ಜೊಂಡು ಬೆಳೆದ ದಡ, ನೀರಲ್ಲಿ ದೊಡ್ಡ ದೊಡ್ಡ ಬಂಡೆ. ಜೂನ್‌ನಲ್ಲಿ ರಾತ್ರಿ ಹತ್ತು ದಾಟಿದರೂ ಬೆಳಕಿರುತ್ತದೆ. ಸಂಜೆ ಹಡಗಿಗೆ ಗುಂಪುಗಳು ವಾಪಸ್ ಹೋದ ಮೇಲೇ ಊರಿನವರಿಗೆ ಮಾತಾಡೋಕೆ ಪುರುಸೊತ್ತು. ದಕ್ಷಿಣ ತುದಿಯಲ್ಲಿ 1864ರ ದೀಪಸ್ತಂಭವಿದೆ, ಕಬ್ಬಿಣದ ಭಾಗಗಳನ್ನು ಇಂಗ್ಲೆಂಡಿನಿಂದ ತಂದು ಜೋಡಿಸಿದ್ದು. ಮೆಟ್ಟಿಲು ಜಾಸ್ತಿ, ಅವ್ವನಿಗೆ ಬೇಡ. ಲಿನಾಕ್ಯುಲಾ ಹಳ್ಳಿಯ ಹಳೇ ಶಾಲೆಯಲ್ಲಿ ಮ್ಯೂಸಿಯಂ ಇದೆ, ಅಲ್ಲಿ ಬಟ್ಟೆಗಳನ್ನು ನಿಧಾನವಾಗಿ ನೋಡಬಹುದು. ಎದುರಿಗೇ ಚರ್ಚ್.

ದಾರಿ ಸುಲಭ. ಟ್ಯಾಲಿನ್‌ನಿಂದ ಪ್ಯಾರ್ನುವಿಗೆ ಬಸ್, ಅಲ್ಲಿಂದ ಸುಮಾರು 40 ಕಿಲೋಮೀಟರ್ ಮುನಲಾಯ್ಡ್ ಬಂದರು, ಆಮೇಲೆ ಹಡಗಿನಲ್ಲಿ ಒಂದು ಗಂಟೆ. ಬೇಸಿಗೆಯಲ್ಲಿ ಕಾರಿಗೆ ಜಾಗ ಬೇಗ ತುಂಬುತ್ತದೆ, ಮೊದಲೇ ಬುಕ್ ಮಾಡಿ.

ಟ್ಯಾಲಿನ್ ವಾಸಿ

ಮಂಡಿನೋವಿದ್ದರೆ ಮುಹು ದ್ವೀಪ ವಾಸಿ ಅಲ್ವಾ? ವಿರ್ತ್ಸು ಬಂದರಿನಿಂದ ಹಡಗು ಅರ್ಧ ಗಂಟೆಯೂ ಆಗಲ್ಲ. ಕೊಗುವಾ ಹಳ್ಳಿಯ ಜೊಂಡಿನ ಸೂರು, ಪಾಚಿ ಕಟ್ಟಿದ ಕಲ್ಲಿನ ಗೋಡೆ ನೋಡೋಕೆ ಎರಡು ಕಣ್ಣು ಸಾಲದು. ಅಲ್ಲಿಂದ 1896ರಲ್ಲಿ ಕಟ್ಟಿದ ಸಮುದ್ರದ ಏರಿ ಮೇಲೆ ಕಾರಲ್ಲೇ ಪಕ್ಕದ ಸಾರೆಮಾ ದ್ವೀಪಕ್ಕೆ ಹೋಗಬಹುದು.

ಪ್ಯಾರ್ನು ಕನ್ನಡಿಗ

ಮುಹು ಚೆಂದ, ಒಪ್ಪಿದೆ. ಕಸೂತಿಯೂ ಬಹಳ ಸೊಗಸು. ಆದರೆ ಅಲ್ಲಿ ಆ ಬಟ್ಟೆ ಹಬ್ಬಕ್ಕೆ. ಇವರ ಅವ್ವ ಕೇಳಿದ್ದು ದಿನಾ ಉಡೋ ಬಟ್ಟೆ.

ಅವಲಕ್ಕಿ ಪ್ರಿಯ

ಊಟದ ಬಗ್ಗೆ ಹೇಳ್ತೀನಿ, ನಾನೂ ಸಸ್ಯಾಹಾರಿ. ರೈ ಬ್ರೆಡ್, ಆಲೂಗಡ್ಡೆ, ಬೆಣ್ಣೆ, ಹಾಲು ಸಿಗುತ್ತವೆ. ಮಿಕ್ಕಿದ್ದೆಲ್ಲ ಮೀನೇ, ಹೊಗೆ ಹಾಕಿದ ಮೀನಿನ ವಾಸನೆ ಅಂಗಳದಲ್ಲೇ ಇರುತ್ತದೆ. ಉಳಿಯೋ ಮನೆಯವರಿಗೆ ಮೊದಲೇ ತಿಳಿಸಿ. ಕಟಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಹೋದರೆ ಅವ್ವನಿಗೆ ಚಿಂತೆಯಿಲ್ಲ.

ಇಳಕಲ್ಲಿನವಳು

ಎಲ್ಲರಿಗೂ ಧನ್ಯವಾದ. ಕಿಹ್ನುವೇ ಗಟ್ಟಿ. ಮಗ್ಗ ನಡೆಯೋದು ನೋಡೋಕೆ ಸಿಗುತ್ತಾ? ಅವ್ವನಿಗೆ ಅದೇ ಮುಖ್ಯ.

ಪ್ಯಾರ್ನು ಕನ್ನಡಿಗ

ಇದನ್ನು ಮೊದಲೇ ತಿಳಿದಿರಿ: ನೇಯ್ಗೆ ಹೆಚ್ಚಾಗಿ ಚಳಿಗಾಲದ ಕೆಲಸ. ಜೂನ್‌ನಲ್ಲಿ ಹೊಲ, ತೋಟ, ಬಂದುಹೋಗುವವರು. ಕೈಯಲ್ಲಿ ಹೆಣಿಗೆ ಮಾತ್ರ ಇರುತ್ತದೆ, ದಾರಿಯಲ್ಲಿ ನಡೀತಾ ನಡೀತಾ ಹೆಣೆಯೋರೂ ಇದ್ದಾರೆ. ಹಾಗಾಗಿ ಮಗ್ಗ ಇರುವ ಮನೆಯಲ್ಲೇ ಉಳಿಯೋಕೆ ಪ್ರಯತ್ನಿಸಿ. ಬರೆಯುವಾಗ ಅವ್ವ ನೇಕಾರರ ಮನೆಯವರು ಅಂತ ತಿಳಿಸಿ. ಇಳಕಲ್ ಸೀರೆಯೊಂದು ಜೊತೆಗಿರಲಿ. ಸೀರೆಯ ಮೈಯ ಹಾಸುನೂಲಿಗೆ (ಉದ್ದದ ಎಳೆ) ಸೆರಗಿನ ಹಾಸುನೂಲನ್ನು ಕೊಂಡಿ ಹಾಕಿ ಜೋಡಿಸೋದನ್ನು ಅವ್ವ ಬೆರಳಲ್ಲಿ ತೋರಿಸಲಿ, ಭಾಷೆ ಬೇಕಾಗಲ್ಲ. ಫೋಟೋ ಮಾತ್ರ ಕೇಳಿಯೇ ತೆಗೆಯಿರಿ. ಹಡಗಿನ ಮೇಲೆ ಗಾಳಿ ಜೋರು, ಅವ್ವನಿಗೆ ಸ್ವೆಟರ್ ಮರೀಬೇಡಿ.