ಬರೀ 111 ಸ್ಯಾಕ್, ಆದರೂ ಆರನ್ ಡೊನಾಲ್ಡ್‌ಗೆ ಯಾಕಿಷ್ಟು ದೊಡ್ಡ ಹೆಸರು?

ಸಂತು_ದಾವಣಗೆರೆ

ನಾನು ಎನ್‌ಎಫ್‌ಎಲ್ (ಅಮೆರಿಕನ್ ಫುಟ್‌ಬಾಲ್‌ನ ದೊಡ್ಡ ಲೀಗ್) ನೋಡೋಕೆ ಶುರು ಮಾಡಿದ್ದು ಈಚೆಗೆ. ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್, ಅದನ್ನು ಹಿಡಿಯುವ ರಿಸೀವರ್ ಇವರ ಆಟ ಅರ್ಥವಾಗುತ್ತದೆ, ಚೆಂಡು ಅವರ ಕೈಯಲ್ಲೇ ಇರುತ್ತದಲ್ಲ. ಆದರೆ ಮುಂದಿನ ಸಾಲಿನಲ್ಲಿ ಒಂದು ಕೈ ನೆಲಕ್ಕೂರಿ ಬಗ್ಗಿ ನಿಂತಿರುವ ಡಿಫೆನ್ಸಿವ್ ಲೈನ್‌ನವರನ್ನು ಹೇಗೆ ಅಳೆಯುತ್ತಾರೆ ಅನ್ನೋದೇ ತಲೆಗೆ ಹತ್ತುತ್ತಿಲ್ಲ. ರ‍್ಯಾಮ್ಸ್ ತಂಡದ ಆರನ್ ಡೊನಾಲ್ಡ್ ಈ ಕಾಲದ ಅತ್ಯುತ್ತಮ ಡಿಫೆಂಡರ್ ಅಂತ ಎಲ್ಲರೂ ಹೇಳುತ್ತಾರೆ. ಅಂಕಿ ತೆಗೆದು ನೋಡಿದರೆ 10 ಸೀಸನ್, 154 ಪಂದ್ಯ, 111 ಸ್ಯಾಕ್ (ಕ್ವಾರ್ಟರ್‌ಬ್ಯಾಕ್ ಚೆಂಡು ಎಸೆಯುವ ಮುಂಚೆಯೇ ಅವನನ್ನು ಹಿಡಿದು ಬೀಳಿಸುವುದು). ಬ್ರೂಸ್ ಸ್ಮಿತ್ ಹೆಸರಲ್ಲಿ 200 ಇವೆ, ರೆಜಿ ವೈಟ್ ಹೆಸರಲ್ಲಿ 198. ಅವರ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ ಅಲ್ವಾ? ಮೇಲಾಗಿ 2024ರ ಮಾರ್ಚ್‌ನಲ್ಲಿ, 32ನೇ ವಯಸ್ಸಿಗೇ ಆಟ ಬಿಟ್ಟುಬಿಟ್ಟರು. ಗೊತ್ತಿದ್ದವರು ಬಿಡಿಸಿ ಹೇಳ್ತೀರಾ, ಇದು ಸುಮ್ನೆ ಹೈಪಾ?

ಮೂರನೇ_ಡೌನ್

ಹೈಪ್ ಅಲ್ಲ ಮಾರಾಯ್ರೇ. ನೀವು ಡೊನಾಲ್ಡ್ ಪಕ್ಕದಲ್ಲಿ ಇಟ್ಟ ಇಬ್ಬರೂ ಹೆಚ್ಚಾಗಿ ಲೈನ್‌ನ ತುದಿಯಲ್ಲಿ ಆಡಿದವರು, ಅಂದರೆ ಡಿಫೆನ್ಸಿವ್ ಎಂಡ್. ಅಲ್ಲಿ ಎದುರಾಳಿಯನ್ನು ಹೊರಗಿನಿಂದ ಸುತ್ತಿಕೊಂಡು ಓಡೋಕೆ ಜಾಗ ಇರುತ್ತದೆ. ಡೊನಾಲ್ಡ್ ಆಡಿದ್ದು ಡಿಫೆನ್ಸಿವ್ ಟ್ಯಾಕಲ್ ಜಾಗದಲ್ಲಿ. ನಡು ಮಧ್ಯೆ, ಕ್ವಾರ್ಟರ್‌ಬ್ಯಾಕ್‌ಗೆ ಕಾವಲು ನಿಲ್ಲುವ ಸೆಂಟರ್ ಮತ್ತು ಗಾರ್ಡ್‌ಗಳ ಎದುರಿಗೆ. ಒಬ್ಬನನ್ನು ತಳ್ಳುವಷ್ಟರಲ್ಲಿ ಇನ್ನೊಬ್ಬ ಪಕ್ಕೆಗೆ ಬಂದು ಗುದ್ದುತ್ತಾನೆ, ಕೆಲವು ಸಲ ಮೂರನೆಯವನೂ ಬರುತ್ತಾನೆ. ಆ ಇಕ್ಕಟ್ಟಿನಲ್ಲಿ ನಿಂತು 2018ರಲ್ಲಿ ಒಂದೇ ಸೀಸನ್‌ನಲ್ಲಿ 20.5 ಸ್ಯಾಕ್ ಮಾಡಿದರು, ಟ್ಯಾಕಲ್‌ಗಳ ಮಟ್ಟಿಗೆ ಅದು ದಾಖಲೆ. (ಆ ಅರ್ಧ ಎಲ್ಲಿಂದ ಬಂತು ಅಂತ ಕೇಳಬೇಡಿ. ಇಬ್ಬರು ಸೇರಿ ಬೀಳಿಸಿದರೆ ಇಬ್ಬರಿಗೂ ಅರ್ಧರ್ಧ.)

ಇನ್ನೊಂದು ವಿಷಯ. ಈ ಜಾಗಕ್ಕೆ ಡೊನಾಲ್ಡ್ ಗಾತ್ರ ಚಿಕ್ಕದು. 6 ಅಡಿ 1 ಇಂಚು, 280 ಪೌಂಡ್, ಅಂದರೆ ಸುಮಾರು 127 ಕೆಜಿ. ಎದುರಿಗೆ ನಿಲ್ಲುವವರು ಮಾಮೂಲಿ 140 ಕೆಜಿ ದಾಟಿದವರು. 2014ರ ಡ್ರಾಫ್ಟ್‌ನಲ್ಲಿ (ತಂಡಗಳು ಸರದಿಯಂತೆ ಕಾಲೇಜು ಆಟಗಾರರನ್ನು ಆರಿಸಿಕೊಳ್ಳುವುದು) 13ನೇ ಆಯ್ಕೆಯಾಗುವವರೆಗೆ ಕಾಯಬೇಕಾಗಿದ್ದಕ್ಕೆ ಇದೂ ಒಂದು ಕಾರಣ. ಆದರೆ ಡ್ರಾಫ್ಟ್‌ಗೆ ಮುಂಚಿನ ಪರೀಕ್ಷೆಯಲ್ಲಿ ಅದೇ ದೇಹ ಹೊತ್ತುಕೊಂಡು 40 ಗಜವನ್ನು 4.68 ಸೆಕೆಂಡಿನಲ್ಲಿ ಓಡಿದ್ದರು. ಕುಳ್ಳಗಿದ್ದದ್ದೂ ಲಾಭವೇ ಆಯ್ತು, ಯಾಕೆಂದರೆ ಈ ಕೆಲಸದಲ್ಲಿ ಯಾರ ಭುಜ ಕೆಳಗಿದೆಯೋ ಅವನದೇ ಮೇಲುಗೈ.

ಸ್ಯಾಕ್ ಲೆಕ್ಕದಲ್ಲಿ ಇವರ ಅರ್ಧ ಕೆಲಸವೂ ಕಾಣಲ್ಲ. 2022ರ ಫೆಬ್ರವರಿ 13, ಸೂಪರ್ ಬೌಲ್, ಅಂದರೆ ಲೀಗ್‌ನ ಫೈನಲ್. ರ‍್ಯಾಮ್ಸ್ 23, ಬೆಂಗಾಲ್ಸ್ 20, ಉಳಿದಿರುವುದು ಒಂದು ನಿಮಿಷಕ್ಕೂ ಕಡಿಮೆ. ಚೆಂಡು ಉಳಿಸಿಕೊಳ್ಳೋಕೆ ಬೆಂಗಾಲ್ಸ್‌ಗೆ ಒಂದೇ ಒಂದು ಗಜ ಬೇಕು, ಅದಕ್ಕಿರುವ ನಾಲ್ಕು ಡೌನ್‌ಗಳಲ್ಲಿ (ಪ್ರಯತ್ನಗಳಲ್ಲಿ) ಎರಡು ಉಳಿದಿವೆ. ಮೂರನೇ ಡೌನ್‌ನಲ್ಲಿ ಅವರ ಓಟಗಾರ ಪೆರೈನ್ ಚೆಂಡು ಹಿಡಿದು ನುಗ್ಗಿದ, ಡೊನಾಲ್ಡ್ ಅಲ್ಲೇ ಹಿಡಿದು ನಿಲ್ಲಿಸಿದರು. ನಾಲ್ಕನೇ ಡೌನ್‌ನಲ್ಲಿ ಗಾರ್ಡ್‌ನನ್ನು ದಾಟಿ ನೇರ ಕ್ವಾರ್ಟರ್‌ಬ್ಯಾಕ್ ಜೋ ಬರೋ ಹತ್ತಿರ ಹೋಗಿ, ಸೊಂಟ ಹಿಡಿದು ಗಿರ‍್ರನೆ ತಿರುಗಿಸಿದರು. ಬರೋ ಬೀಳುತ್ತಾ ಬೀಳುತ್ತಾ ಚೆಂಡನ್ನು ಎಸೆದ, ಅದು ಯಾರಿಗೂ ಸಿಗದೆ ನೆಲಕ್ಕೆ ಬಿತ್ತು. ಅಲ್ಲಿಗೆ ಪಂದ್ಯ ಮುಗಿದ ಹಾಗೆಯೇ. ಡೊನಾಲ್ಡ್ ಹೆಲ್ಮೆಟ್ ತೆಗೆದು ತನ್ನ ಉಂಗುರದ ಬೆರಳು ತೋರಿಸುತ್ತಾ ಓಡಾಡಿದರು (ಗೆದ್ದ ತಂಡದವರಿಗೆ ಚಾಂಪಿಯನ್ ಉಂಗುರ ಸಿಗುತ್ತದೆ). ಈಗ ಲೆಕ್ಕದ ಪುಸ್ತಕ ನೋಡಿ: ಚೆಂಡು ಕೈ ಬಿಟ್ಟಿದ್ದರಿಂದ ಅದು ಸ್ಯಾಕ್ ಅಲ್ಲವೇ ಅಲ್ಲ, ಬರೀ ಇನ್‌ಕಂಪ್ಲೀಟ್ ಪಾಸ್. ಜೀವನದ ಅತಿ ದೊಡ್ಡ ಆಟ ಆ 111ರಲ್ಲಿ ಸೇರಿಲ್ಲ.

ಕ್ರಿಕೆಟ್ ನೋಡುವವರಿಗೆ ಇದು ಗೊತ್ತಿರುತ್ತದೆ. ಒಬ್ಬ ಒಂದು ಕಡೆಯಿಂದ ರನ್ನೇ ಕೊಡದೆ ಕಟ್ಟಿ ಹಾಕುತ್ತಾನೆ, ವಿಕೆಟ್ ಬೀಳೋದು ಇನ್ನೊಂದು ತುದಿಯವನಿಗೆ. ಡೊನಾಲ್ಡ್ ಇಬ್ಬರನ್ನು ತನ್ನ ಮೇಲೆ ಎಳೆದುಕೊಂಡಾಗ ಪಕ್ಕದವನಿಗೆ ಒಬ್ಬನೇ ಎದುರಾಳಿ.

ಪೆನ್‌ಹಿಲ್ಸ್_ಪ್ರಸಾದ

ಪಿಟ್ಸ್‌ಬರ್ಗ್ ಕಡೆಯವನಾಗಿ ಒಂದೆರಡು ಮಾತು. ಅಮೆರಿಕದ ಕನ್ನಡಿಗರಲ್ಲಿ ಬಹಳ ಮಂದಿ ಇಲ್ಲಿನ ವೆಂಕಟೇಶ್ವರ ದೇವಸ್ಥಾನಕ್ಕೆ ಬಂದಿರುತ್ತೀರಿ. ಗುಡ್ಡದ ಮೇಲೆ ಬಿಳಿ ಗೋಪುರ ಇರುವ ಆ ಊರೇ ಪೆನ್ ಹಿಲ್ಸ್. ಡೊನಾಲ್ಡ್ ಓದಿದ್ದು ಅಲ್ಲಿನ ಹೈಸ್ಕೂಲಿನಲ್ಲಿ. ಮನೆಯ ಬೇಸ್‌ಮೆಂಟಿನಲ್ಲಿ ಅಪ್ಪ ವ್ಯಾಯಾಮದ ಸಾಮಾನು ಜೋಡಿಸಿ, ಶಾಲೆಗೆ ಮುಂಚೆ ನಸುಕಿನಲ್ಲೇ ಎಬ್ಬಿಸಿ ಕಸರತ್ತು ಮಾಡಿಸುತ್ತಿದ್ದರಂತೆ. ಕಾಲೇಜೂ ಇಲ್ಲಿನದೇ, ಪಿಟ್, ಅಂದರೆ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯ. 2013ರಲ್ಲಿ ಔಟ್‌ಲ್ಯಾಂಡ್, ಲೊಂಬಾರ್ಡಿ, ಬೆಡ್ನರಿಕ್, ನಗುರ್ಸ್ಕಿ, ಕಾಲೇಜು ಫುಟ್‌ಬಾಲ್‌ನ ಈ ನಾಲ್ಕೂ ಪ್ರಶಸ್ತಿ ಒಂದೇ ವರ್ಷ ಬಾಚಿದರು. ಆಮೇಲೆ 2019ರಲ್ಲಿ ಕಾಲೇಜಿಗೆ ಹತ್ತು ಲಕ್ಷ ಡಾಲರ್‌ಗೆ ಕಡಿಮೆಯಿಲ್ಲದಷ್ಟು ದೇಣಿಗೆ ಕೊಟ್ಟರು.

ಆ ಚಾಕು ವಿಡಿಯೋ ನೋಡಿದ್ದೀರಾ? ಕೋಚ್ ಎರಡೂ ಕೈಯಲ್ಲಿ ಚಾಕು ಹಿಡಿದು ತಿವಿಯೋಕೆ ಬರುತ್ತಾರೆ, ಇವರು ಕೈಯಿಂದ ತಟ್ಟಿ ತಟ್ಟಿ ತಪ್ಪಿಸುತ್ತಾರೆ. ನಕಲಿ ಚಾಕು, ಗಾಬರಿ ಬೇಡ. ಲೈನ್‌ಮನ್ ಅಂದರೆ ಬರೀ ತೂಕ ಅಂದುಕೊಂಡವರು ಅದನ್ನು ನೋಡಬೇಕು. ಎದುರಾಳಿಯ ಕೈ ಎದೆಗೆ ತಾಗುವ ಮುಂಚೆಯೇ ಅದನ್ನು ತಳ್ಳಿಹಾಕಬೇಕು. ಅವನು ಜೆರ್ಸಿ ಹಿಡಿದುಕೊಂಡ ಅಂದರೆ ಆ ಸಲಕ್ಕೆ ನಿಮ್ಮ ಕಥೆ ಮುಗೀತು.

ಹಳೇ_ವೈಕಿಂಗ್

ನಂದೊಂದು ತಕರಾರು. ಟ್ಯಾಕಲ್‌ಗೂ ಟ್ಯಾಕಲ್‌ಗೂ ಹೋಲಿಸಿ ಅಂದರೆ ಜಾನ್ ರ‍್ಯಾಂಡಲ್ ಎಲ್ಲಿ ಹೋದರು? 137.5 ಸ್ಯಾಕ್! 1990ರಲ್ಲಿ ಡ್ರಾಫ್ಟ್‌ನಲ್ಲಿ ಯಾರೂ ಮುಟ್ಟದ ಮನುಷ್ಯ. ಅಲನ್ ಪೇಜ್ 1971ರಲ್ಲಿ ಇಡೀ ಲೀಗ್‌ನ ಎಂವಿಪಿ (ವರ್ಷದ ಅತ್ಯಮೂಲ್ಯ ಆಟಗಾರ) ಆದವರು, ಆಮೇಲೆ ಮಿನ್ನೆಸೋಟ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯೂ ಆದರು. ಆಗ ಸ್ಯಾಕ್ ಅನ್ನು ಅಧಿಕೃತವಾಗಿ ಎಣಿಸುತ್ತಲೇ ಇರಲಿಲ್ಲ, ಎಣಿಕೆ ಶುರುವಾಗಿದ್ದೇ 1982ರಲ್ಲಿ. ಈಗಿನವರನ್ನೇ ಸಾರ್ವಕಾಲಿಕ ಶ್ರೇಷ್ಠ ಅನ್ನೋಕೆ ಏನವಸರ?

ಇನ್ನು 2022ರ ಆಗಸ್ಟ್‌ನಲ್ಲಿ ಬೆಂಗಾಲ್ಸ್ ಜೊತೆಗಿನ ಅಭ್ಯಾಸದಲ್ಲಿ ಎದುರಾಳಿಗಳ ಹೆಲ್ಮೆಟ್ ಕೈಯಲ್ಲಿ ಹಿಡಿದು ಬೀಸಿದ್ದನ್ನು ಅಭಿಮಾನಿಗಳು ಯಾರೂ ಎತ್ತಲ್ಲ. ಯಾರ ತಲೆಗಾದರೂ ಸರಿಯಾಗಿ ಬಿದ್ದಿದ್ದರೆ?

ಮೂರನೇ_ಡೌನ್

ಹೆಲ್ಮೆಟ್ ವಿಷಯ ಒಪ್ಪಿದೆ, ಬರೀ ಅಭ್ಯಾಸ ಅಂತ ಲೀಗ್ ಶಿಕ್ಷೆ ಕೊಡಲಿಲ್ಲ ಅಷ್ಟೇ. ಆದರೆ ರ‍್ಯಾಂಡಲ್ ಆಡಿದ್ದು 14 ಸೀಸನ್. ಡೊನಾಲ್ಡ್ ಆಡಿದ 10ಕ್ಕೆ 10 ಸೀಸನ್ ಪ್ರೊ ಬೌಲ್‌ಗೆ (ಲೀಗ್‌ನ ತಾರಾ ಪಂದ್ಯ) ಆಯ್ಕೆ, 8 ಸಲ ಮೊದಲ ದರ್ಜೆಯ ಆಲ್-ಪ್ರೊ, ಅಂದರೆ ವರ್ಷದ ಅತ್ಯುತ್ತಮರ ತಂಡದಲ್ಲಿ ಜಾಗ. ವರ್ಷದ ಡಿಫೆಂಡರ್ ಪ್ರಶಸ್ತಿ ಮೂರು ಸಲ: 2017, 2018, 2020. ಅವರಿಗಿಂತ ಮುಂಚೆ ಮೂರು ಸಲ ಗೆದ್ದಿದ್ದವರು ಲಾರೆನ್ಸ್ ಟೇಲರ್ ಮತ್ತು ಜೆ.ಜೆ. ವಾಟ್ ಮಾತ್ರ.

ಕಾಸಿನ_ಲೆಕ್ಕ

ಬೇಗ ಬಿಟ್ಟಿದ್ದರ ಬಗ್ಗೆ ನಾನು ಹೇಳ್ತೀನಿ. ಈ ಮನುಷ್ಯನಿಗೆ ತನ್ನ ಬೆಲೆ ಚೆನ್ನಾಗಿ ಗೊತ್ತಿತ್ತು. 2017ರಲ್ಲಿ ಹೊಸ ಕಾಂಟ್ರಾಕ್ಟ್ ಬೇಕು ಅಂತ ಇಡೀ ಟ್ರೈನಿಂಗ್ ಕ್ಯಾಂಪಿಗೆ ಚಕ್ಕರ್ ಹೊಡೆದರು. ಮೊದಲ ಪಂದ್ಯವನ್ನೂ ಆಡಲಿಲ್ಲ, ಆದರೂ ಆ ವರ್ಷದ ಡಿಫೆಂಡರ್ ಪ್ರಶಸ್ತಿ ಇವರಿಗೇ. ಮುಂದಿನ ವರ್ಷವೂ ಕ್ಯಾಂಪಿಗೆ ಬರಲಿಲ್ಲ, ಕೊನೆಗೆ ಆಗಸ್ಟ್ 31ಕ್ಕೆ 6 ವರ್ಷಕ್ಕೆ 13.5 ಕೋಟಿ ಡಾಲರ್‌ಗೆ ಸಹಿ ಬಿತ್ತು. ಡಿಫೆಂಡರ್ ಒಬ್ಬನಿಗೆ ಅಲ್ಲಿಯವರೆಗಿನ ಅತಿ ದೊಡ್ಡ ಮೊತ್ತ. ಮಾರನೇ ದಿನವೇ ಇನ್ನೊಬ್ಬ ಡಿಫೆಂಡರ್ ಖಲೀಲ್ ಮ್ಯಾಕ್ 14.1 ಕೋಟಿಗೆ ಸಹಿ ಹಾಕಿ ಆ ದಾಖಲೆ ಮುರಿದಿದ್ದು ಬೇರೆ ಮಾತು! ಸೂಪರ್ ಬೌಲ್ ಗೆದ್ದ ಮೇಲೆ, 2022ರ ಜೂನ್‌ನಲ್ಲಿ, ರ‍್ಯಾಮ್ಸ್ ಮತ್ತೆ 4 ಕೋಟಿ ಏರಿಸಿತು.

ಆ ಸೀಸನ್‌ನಲ್ಲೇ ಕಣಕಾಲು ಕೆಟ್ಟು 6 ಪಂದ್ಯ ತಪ್ಪಿತು. 2023ರಲ್ಲಿ ವಾಪಸ್ ಬಂದು ಇನ್ನೊಮ್ಮೆ ಆಲ್-ಪ್ರೊ ಆಗಿ, ಕಾಂಟ್ರಾಕ್ಟ್ ಇನ್ನೂ ಇರುವಾಗಲೇ ಎದ್ದು ಹೋದರು. ಪ್ರತಿ ಆಟಕ್ಕೂ ಇಬ್ಬರ ಜೊತೆ ಗುದ್ದಾಡುವ ಕೆಲಸ ಇದು. ಉಂಗುರ ಬಂತು, ದುಡ್ಡು ಬಂತು, ಮೊಣಕಾಲು ನೆಟ್ಟಗಿದೆ. ಇನ್ನೂ ನಾಲ್ಕು ವರ್ಷ ಎಳೆದಾಡಿ 140 ಸ್ಯಾಕ್ ಮಾಡಿದ್ದರೆ ನಮಗೆ ಖುಷಿ, ಅವರಿಗೇನು? ನನ್ನ ಪ್ರಕಾರ ಸರಿಯಾಗೇ ಮಾಡಿದರು.

ಸಂತು_ದಾವಣಗೆರೆ

ಎಲ್ಲರಿಗೂ ಥ್ಯಾಂಕ್ಸ್. ಸೂಪರ್ ಬೌಲ್‌ನ ಆ ಕೊನೆಯ ಆಟ ಈಗಷ್ಟೇ ನೋಡಿದೆ, ಅಬ್ಬಾ. ಪೂರ್ತಿ ಒಂದು ಪಂದ್ಯ ನೋಡಬೇಕು ಅಂದರೆ ಯಾವುದು?

ಮೂರನೇ_ಡೌನ್

2018ರ ಅಕ್ಟೋಬರ್, 49ಅರ್ಸ್ ವಿರುದ್ಧ. ನಾಲ್ಕು ಸ್ಯಾಕ್. ಚೆಂಡಿನ ಕಡೆ ನೋಡಬೇಡಿ, ಶುರುವಿನಿಂದ 99ನೇ ನಂಬರ್ ಮೇಲೆ ಕಣ್ಣಿಡಿ.