ಸಹಾಯ ಬೇಕು: ಡಿಸ್ಕ್ ಬ್ರೇಕ್ ಕ್ಯಾಲಿಪರ್ ಸೀಲ್ ಎಲ್ಲಿ ಸಿಗುತ್ತದೆ?

ಮನೆ ಮಲ್ಪೆ ಹತ್ತಿರ. ಬೈಕ್ 150 ಸಿಸಿ, 2011ರದ್ದು. ಮಳೆಗಾಲ ಪೂರ್ತಿ ಸುಮ್ನೆ ನಿಂತಿತ್ತು. ಈಗ ಮುಂದಿನ ಬ್ರೇಕ್ ಹಿಡಿದರೆ ಬಿಡುವುದೇ ಇಲ್ಲ. ಉಡುಪಿಗೆ ಹೋಗಿ ಬರುವಷ್ಟರಲ್ಲಿ ಡಿಸ್ಕ್ ದೋಸೆ ಕಾವಲಿಯ ಹಾಗೆ ಕಾದಿರುತ್ತದೆ.

ಕ್ಯಾಲಿಪರ್ (ಡಿಸ್ಕನ್ನು ಒತ್ತಿ ಹಿಡಿಯುವ ಭಾಗ) ಬಿಚ್ಚಿ ನೋಡಿದೆ. ಅದು ಜಾರುವ ಸ್ಲೈಡ್ ಪಿನ್ ಸರಿ ಇವೆ, ಪ್ಯಾಡ್ ಒತ್ತುವ ಪಿಸ್ಟನ್‌ಗೆ ತುಕ್ಕಿಲ್ಲ. ಆದರೆ ಪಿಸ್ಟನ್ ಸುತ್ತಲಿನ ಒಳಗಿನ ಸೀಲ್ (ಚೌಕ ಅಂಚಿನ ರಬ್ಬರು ಬಳೆ) ಗಟ್ಟಿಯಾಗಿದೆ, ಧೂಳು ತಡೆಯುವ ಡಸ್ಟ್ ಸೀಲ್ ಹರಿದಿದೆ. ಲಿವರ್ ಬಿಟ್ಟಾಗ ಪಿಸ್ಟನ್ನನ್ನು ಹಿಂದಕ್ಕೆ ಎಳೆಯುವುದೇ ಆ ಚೌಕ ರಬ್ಬರು ಅಲ್ವಾ?

ಅಂಗಡಿಯಲ್ಲಿ ಕೇಳಿದರೆ "ಪೂರ್ತಿ ಕ್ಯಾಲಿಪರ್ ಹಾಕಿ ಮಾರಾಯ್ರೆ" ಅಂತಾರೆ. ಎರಡು ರಬ್ಬರಿಗೆ ಅಷ್ಟು ದುಡ್ಡಾ! ಮಂಗಳೂರಲ್ಲಿ ಸೀಲ್ ಕಿಟ್ ಮಾತ್ರ ಕೊಡುವವರು ಗೊತ್ತಿದ್ದರೆ ತಿಳಿಸಿ. ಪಿಸ್ಟನ್ ತೆಗೆದುಕೊಂಡೇ ಬರುತ್ತೇನೆ. ಗ್ರೀಸ್ ಹಚ್ಚಿ ಅಂತ ಮಾತ್ರ ಹೇಳಬೇಡಿ, ಮಾಮೂಲಿ ಗ್ರೀಸಿಗೆ ಆ ರಬ್ಬರು ಉಬ್ಬುತ್ತದೆ.